ಕೊರಳ ಕಣ್ಣಿ

ಬರೆಯುವವರು ಯಾರೂ ನೇರ ಕೈಯಿಂದ ಬರೆಯುವುದಿಲ್ಲ. ಮೊದಲು ಕೊರಳೊಳಗೆ ಸದ್ದಿಲ್ಲದೆ ಆಡಿಕೊಳ್ಳುತ್ತಾರೆ, ಆಮೇಲೆ ಕೈ ಓಡುತ್ತದೆ. ತುಟಿ ಮುಚ್ಚಿದ್ದರೂ ಗಂಟಲಿನ ಸ್ನಾಯು ಒಳಗೊಳಗೇ ಮಿಡಿಯುತ್ತಿರುತ್ತದೆ. ಆ ಮಿಡಿತ ಓದಬಲ್ಲ ಪಟ್ಟಿಯನ್ನು ಕಂಡುಹಿಡಿದವರು ಮೂಕರಿಗೆ ಮಾತು ಕೊಡಬೇಕೆಂದು ಹೊರಟಿದ್ದರಂತೆ. ಅದು ಬಂದು ಬಿದ್ದದ್ದು ಮಾತಿದ್ದವರ ಕೊರಳಿಗೆ.

ಆ ವರ್ಷಗಳಲ್ಲಿ ಹೊಸ ನಿಯಮವೊಂದು ಬಂದಿತ್ತು. ಎಂ.ಎ. ಓದುವ ಪ್ರತಿಯೊಬ್ಬರೂ ಸಂಶೋಧನಾ ಪ್ರಬಂಧ ಬರೆಯಬೇಕು, ಅದರ ಒಂದು ಭಾಗವಾದರೂ ಮಾನ್ಯತೆ ಪಡೆದ ಪತ್ರಿಕೆಯಲ್ಲಿ ಅಚ್ಚಾಗಬೇಕು, ಆಗದಿದ್ದರೆ ಪದವಿ ಇಲ್ಲ. ನಿಯಮ ಮಾಡಿದವರ ಮನೆಗಳಲ್ಲಿ ಅಜ್ಜನ ಕಾಲದ ಪುಸ್ತಕದ ಕಪಾಟುಗಳಿದ್ದವು. ಪಾಲಿಸಬೇಕಾದವರ ಮನೆಗಳಲ್ಲಿ ಗೋಡೆಗೆ ನೇತುಹಾಕಿದ ಕ್ಯಾಲೆಂಡರೇ ಗ್ರಂಥಾಲಯ. ಪತ್ರಿಕೆಗಳಿಗೆ ಹೋದ ಪ್ರಬಂಧಗಳೆಲ್ಲ ಗೋಡೆಗೆಸೆದ ಚೆಂಡಿನಂತೆ ವಾಪಸು ಬರತೊಡಗಿದವು. ‘ಇದು ಬರವಣಿಗೆಯೇ ಅಲ್ಲ’ ಎಂದು ಒಬ್ಬರು, ‘ಇದು ಬರೀ ಮಾತು’ ಎಂದು ಇನ್ನೊಬ್ಬರು. ಬರೀ ಮಾತು! ಮಾತು ಯಾವಾಗ ಬೈಗುಳವಾಯಿತೋ ಯಾರಿಗೂ ತಿಳಿಯಲಿಲ್ಲ.

ವಿಶ್ವವಿದ್ಯಾಲಯ ಆಗ ‘ಶೈಕ್ಷಣಿಕ ಬರವಣಿಗೆ ಕೌಶಲ ಕೇಂದ್ರ’ ತೆರೆದು ಈ ಪಟ್ಟಿಯನ್ನು ತರಿಸಿತು. ಕಾಗದದ ಮೇಲೆ ಅದರ ಹೆಸರು ‘ವಾಕ್ಯಶೋಧಕ’. ಹುಡುಗರು ಇಟ್ಟ ಹೆಸರು ಕಣ್ಣಿ. ಮೇವು ಕಂಡಲ್ಲಿ ನುಗ್ಗದಂತೆ ಕರುವಿನ ಕೊರಳಿಗೆ ಹಾಕುವ ಹಗ್ಗಕ್ಕೆ ಏನನ್ನುತ್ತಾರೋ ಅದೇ.

ಅದರ ಕೆಲಸ ಸರಳ. ಒಪ್ಪಿತವಾಗಿ ಅಚ್ಚಾದ ಲಕ್ಷಾಂತರ ಪ್ರಬಂಧಗಳನ್ನು ಅದಕ್ಕೆ ಉಣಿಸಿದ್ದರು. ಕೊರಳಲ್ಲಿ ಹುಟ್ಟುವ ಪ್ರತಿ ವಾಕ್ಯವನ್ನೂ ಅದು ಅವುಗಳ ಪಕ್ಕ ಇಟ್ಟು ನೋಡುತ್ತಿತ್ತು. ವಾಕ್ಯದ ಬೆನ್ನಿಗೆ ಆಧಾರವಿದ್ದರೆ ಸುಮ್ಮನಿರುತ್ತಿತ್ತು. ಇಲ್ಲದಿದ್ದರೆ ಇರುವೆ ಕಚ್ಚಿದಷ್ಟು ಕರೆಂಟು ಬಿಟ್ಟು ಗಂಟಲಿನ ಸ್ನಾಯುವನ್ನು ಹಿಡಿಯುತ್ತಿತ್ತು. ವಾಕ್ಯ ಕೈಗೆ ಇಳಿಯುವ ಮೊದಲೇ ಅಲ್ಲೇ ಕರಗಿಹೋಗುತ್ತಿತ್ತು. ನೋವೇನೂ ಇಲ್ಲ. ಆರು ತಿಂಗಳು ತೊಟ್ಟರೆ ಸಾಕು, ಆಮೇಲೆ ಪಟ್ಟಿಯೇ ಬೇಡ, ಗಂಟಲೇ ಕಲಿತುಬಿಡುತ್ತದೆ ಎಂದು ಕೇಂದ್ರದ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದರು.

ಹುಲಿಗೆಮ್ಮ ಅದನ್ನು ಓದಿ ಸಂತೋಷಪಟ್ಟಿದ್ದಳು.

ಅವಳ ಪ್ರಬಂಧದ ವಿಷಯ ಅವಳ ಓಣಿಯೇ. ಕೊಪ್ಪಳದ ಮಗ್ಗುಲಿನ ಆ ಓಣಿಯಲ್ಲಿ ಮನೆಮನೆಗೆ ಕೂದಲಿನ ಮೂಟೆ ಬರುತ್ತದೆ. ಊರೂರಿನ ಹೆಂಗಸರ ಬಾಚಣಿಗೆಯಲ್ಲಿ ಸಿಕ್ಕು ಉಂಡೆಯಾದ ಕೂದಲು. ಆ ಉಂಡೆಗಳನ್ನು ದಬ್ಬಳದಿಂದ ಬಿಡಿಸಿ, ಮೊಳೆ ಹೊಡೆದ ಹಲಗೆಯ ಮೇಲೆ ಹಿಕ್ಕಿ, ಉದ್ದಕ್ಕೆ ಉದ್ದ ಜೋಡಿಸಿ ಕಟ್ಟು ಕಟ್ಟಿದರೆ ಅದು ಯಾವುದೋ ದೇಶದ ಬೋಳುತಲೆಗೆ ಟೋಪನ್ನಾಗಿ ಹೋಗುತ್ತದೆ. ಅವಳ ಅವ್ವ ದುರಗವ್ವ ಮದುವೆಯಾಗಿ ಬಂದಂದಿನಿಂದ ಮಾಡಿದ್ದು ಅದೇ ಕೆಲಸ. ಹುಲಿಗೆಮ್ಮ ತೊಟ್ಟಿಲಲ್ಲಿ ಮೊದಲು ಹಿಡಿದ ಆಟಿಕೆ ಯಾರದೋ ಜಡೆ.

‘ಕೂದಲು ಬಿಡಿಸುವವರ ಬೆರಳು ಸೀಳುತ್ತವೆ’ ಎಂದು ಅವಳು ಮೊದಲ ದಿನ ಬರೆಯಹೊರಟಳು. ಬೆರಳು ಎಂಬಲ್ಲಿಗೆ ಕಣ್ಣಿ ಕಚ್ಚಿತು. ಮತ್ತೆ ಹೊರಟಳು. ಮತ್ತೆ ಕಚ್ಚಿತು.

ಕೇಂದ್ರದ ಮೂಲೆಯಲ್ಲಿ ಗಾಜಿನ ಗೂಡೊಂದಿತ್ತು. ಅದರೊಳಗೆ ಕೂತು ಎಲ್ಲರ ವಾಕ್ಯಗಳ ಗೆರೆಗಳನ್ನು ಪರದೆಯ ಮೇಲೆ ಕಾಯುತ್ತಿದ್ದವನು ರಫೀಕ. ಒಪ್ಪಿದ ವಾಕ್ಯ ಹಸಿರು, ಕಚ್ಚಿಸಿಕೊಂಡದ್ದು ಕೆಂಪು.

“ಹುಲಿಗೆಮ್ಮ ಅವರ,” ಎಂದು ಅವನು ಗಾಜು ಸರಿಸಿ ಕೂಗಿದ, “ನಿಮ್ಮ ಲೈನು ಪೂರಾ ಕುಂಕುಮ ಎರಚಿದಂಗ ಆಗೇತ್ರಿ. ಒಂದರ ಹಸರ ತೋರಸ್ರಿ, ಕಣ್ಣಿಗೆ ತಂಪಾಗ್ಲಿ.”

ಎಲ್ಲರೂ ನಕ್ಕರು. ಕೇಂದ್ರ ನಡೆಸುತ್ತಿದ್ದ ದೇಸಾಯಿ ಮೇಡಂ ಅವಳ ಬೆನ್ನ ಹಿಂದೆ ಬಂದು ನಿಂತರು. ಒಳ್ಳೆಯ ಹೆಂಗಸು. ಕೆಟ್ಟವರಾಗಿದ್ದರೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು.

“ಬೆರಳು ಸೀಳ್ತಾವ ಅಂತ ಯಾರು ಹೇಳ್ಯಾರ?”

“ಯಾರೂ ಹೇಳಿಲ್ರಿ ಮೇಡಂ. ನಾ ನೋಡೀನಿ. ನಮ್ಮವ್ವನ ಬೆರಳು.”

“ನಿಮ್ಮವ್ವ ಎಲ್ಲಿ ಪ್ರಕಟ ಆಗ್ಯಾಳ?”

ಅವರು ಹೇಳಿದ್ದು ತಮಾಷೆಗೆ. ಹೆಗಲ ಮೇಲೆ ಕೈಯಿಟ್ಟೇ ಹೇಳಿದ್ದರು. ಮತ್ತೆ ಎಲ್ಲರೂ ನಕ್ಕರು. ಹುಲಿಗೆಮ್ಮನೂ ನಕ್ಕಳು.

“ಕೇಳಿಲ್ಲೆ,” ಎಂದರು ಮೇಡಂ ಪಕ್ಕದ ಕುರ್ಚಿ ಎಳೆದುಕೊಂಡು. “ನೀ ಸುಳ್ಳು ಹೇಳ್ತಿ ಅಂತ ನಾ ಅನ್ನೋದಿಲ್ಲ. ಆದ್ರ ಅಲ್ಲಿ ಓದೋರು ನಿನ್ನ ನಂಬೂದಿಲ್ಲ. ನಿನ್ನಂಥ ಹುಡುಗೀರು ಬರದದ್ದನ್ನ ಮೊದಲನೇ ಸಾಲಿಗೇ ಮಡಚಿ ಇಡ್ತಾರ. ಅವರಿಗೆ ಆ ಅವಕಾಶ ಕೊಡಬ್ಯಾಡ. ಅವರ ಮಾತಿನ್ಯಾಗ ಅವರನ್ನ ಕಟ್ಟಿಹಾಕು.”

ಆ ಮಾತು ಹುಲಿಗೆಮ್ಮನಿಗೆ ನಾಟಿತು. ಅವಳ ಪ್ರಬಂಧ ಒಮ್ಮೆ ವಾಪಸು ಬಂದಾಗ ವಿಭಾಗದ ಗುಮಾಸ್ತ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದ್ದ. ಆ ಉರಿ ಇನ್ನೂ ಆರಿರಲಿಲ್ಲ.

ಕಣ್ಣಿಯನ್ನು ಮೇಜಿನ ಮುಂದೆ ಕೂತಾಗ ಮಾತ್ರ ತೊಡಬೇಕೆಂಬ ಕಟ್ಟಳೆಯಿತ್ತು. ಹುಲಿಗೆಮ್ಮ ಹಾಸ್ಟೆಲಿಗೂ ತೊಟ್ಟುಕೊಂಡು ಹೋಗತೊಡಗಿದಳು. ಊಟಕ್ಕೆ ಕೂತಾಗ, ಬಟ್ಟೆ ಒಗೆಯುವಾಗ, ಫೋನಿನಲ್ಲಿ ಮಾತಾಡುವಾಗ.

“ಅದನ್ನ ತಗದಿಟ್ಟು ಹೋಗ್ರಿ,” ಎಂದಿದ್ದ ರಫೀಕ. “ಅದಕ್ಕ ಪ್ರಬಂಧ ಯಾವುದು, ಮನಿ ಮಾತು ಯಾವುದು ತಿಳಿಯೂದಿಲ್ಲ. ಎಲ್ಲಾನೂ ತಿದ್ದತೈತಿ.”

“ಮನಿ ಮಾತೂ ತಿದ್ಲಿ ಬಿಡ್ರಿ. ಬ್ಯಾಡಂದೋರು ಯಾರು?” ಎಂದಿದ್ದಳು ಹುಲಿಗೆಮ್ಮ.

ಎಲ್ಲರಿಗಿಂತ ಹಿಂದೆ ಬಿದ್ದವಳು ತಾನೇ ಅಂದುಕೊಂಡವಳು ಮಾತ್ರ ಮಾಡುವ ತಪ್ಪು ಅದು. ಮುಂದಿದ್ದವರು ಗಂಟೆ ಬಾರಿಸಿದೊಡನೆ ಪಟ್ಟಿ ಬಿಚ್ಚಿ ಚಹಾಕ್ಕೆ ಹೋದರು. ಇವಳು ಮಾತ್ರ ಅದನ್ನು ತೊಟ್ಟೇ ಮಲಗಿದಳು.

ನಿಧಾನವಾಗಿ ಗೆರೆ ಹಸಿರಾಯಿತು. ಬೆರಳಿನ ವಾಕ್ಯವೂ ಕೊನೆಗೆ ದಾಟಿತು: ‘ಕೂದಲು ಸಂಸ್ಕರಣೆಯಲ್ಲಿ ತೊಡಗಿರುವ ಮಹಿಳೆಯರಲ್ಲಿ ಕೈಬೆರಳಿನ ಚರ್ಮಕ್ಕೆ ಹಾನಿಯಾಗುವ ಸಾಧ್ಯತೆಯನ್ನು ಸಂದರ್ಶನಗಳು ಸೂಚಿಸುತ್ತವೆ.’ ರಫೀಕ ಗಾಜಿನ ಹಿಂದಿನಿಂದ ಚಪ್ಪಾಳೆ ತಟ್ಟಿದ. ಆ ವಾಕ್ಯದ ಅಡಿಟಿಪ್ಪಣಿಯಲ್ಲಿ ದುರಗವ್ವನ ಹೆಸರು ‘ಮಾಹಿತಿದಾರರು ಏಳು’, ಅಂದರೆ ಏಳನೆಯವಳು.

ಹಬ್ಬಕ್ಕೆ ಊರಿಗೆ ಹೋದಾಗಲೂ ಪಟ್ಟಿ ಕೊರಳಲ್ಲೇ ಇತ್ತು. ದುರಗವ್ವ ಮತ್ತು ಯಂಕವ್ವ ಜಗಲಿಯ ಮೇಲೆ ಎದುರುಬದುರು ಕೂತು ಕೂದಲು ಬಿಡಿಸುತ್ತಿದ್ದರು. ಯಂಕವ್ವ ಪಕ್ಕದ ಮನೆಯ ಮುದುಕಿ, ಓಣಿಗೆಲ್ಲ ಹಿರಿಯಳು. ದುರಗವ್ವ ಈ ಓಣಿಗೆ ಸೊಸೆಯಾಗಿ ಬಂದ ವಾರದಿಂದ ಇಬ್ಬರೂ ಹಾಗೆಯೇ ಕೂತಿದ್ದಾರೆ, ನಡುವೆ ಒಂದು ಮೂಟೆ.

“ಕೊಳ್ಳಾಗ ಏನಬೇ ಅದು? ಎಮ್ಮಿ ಕರಕ್ಕ ಕಟ್ಟಿದಂಗ,” ಎಂದಳು ದುರಗವ್ವ.

ಹುಲಿಗೆಮ್ಮ ವಿವರಿಸಿದಳು. ಸಾಕ್ಷಿ ಇಲ್ಲದ ಮಾತು ಬಂದರೆ ಇದು ಹಿಡಿಯುತ್ತದೆ ಎಂದಳು.

“ಮಾತಿಗೆ ಸಾಕ್ಷಿ ಕೇಳೋರು ಪೋಲೀಸರಷ್ಟ ಅನ್ಕಂಡಿದ್ನೆಲ್ಲ!” ಯಂಕವ್ವ ಬೊಚ್ಚುಬಾಯಿ ತೆರೆದು ನಕ್ಕಳು. “ಅಲ್ಲಲೇ ಹುಲಿಗೀ, ಇದನ್ನ ನಮ್ಮ ಓಣಿ ಗಂಡಸರಿಗೆ ಕಟ್ಟಿದ್ರ ಒಬ್ಬನಿಗೂ ಬಾಯಿ ಬರಂಗಿಲ್ಲಲ್ಲಬೇ.”

“ನನ್ನ ಮಗಳು ದೊಡ್ಡದೇನೋ ಬರ್ಯಾಕತ್ಯಾಳ. ನೀ ಸುಮ್ನ ಕುಂದ್ರು,” ಎಂದಳು ದುರಗವ್ವ. ಮಗಳ ಕಡೆ ತಿರುಗಿ, “ಅದರಾಗ ನಾ ಅದೀನೇನ?” ಎಂದಳು.

“ಇದ್ದಿ.”

“ಏನಂತ ಅದೀನಿ?”

ಹುಲಿಗೆಮ್ಮ ಹೇಳಹೋದಳು. ಕಣ್ಣಿ ಚುರ್ ಎಂದಿತು. ನೀರು ಕುಡಿದು ಮಾತು ಬದಲಿಸಿದಳು. ದುರಗವ್ವ ಮತ್ತೆ ಕೇಳಲಿಲ್ಲ. ಬೆರಳಿಗೆ ಎಣ್ಣೆ ಸವರಿಕೊಂಡು ಇನ್ನೊಂದು ಉಂಡೆ ಕೈಗೆತ್ತಿಕೊಂಡಳು.

ಯಂಕವ್ವನ ಬಗ್ಗೆ ಒಂದು ಮಾತು ಹೇಳಬೇಕು. ಆ ಓಣಿಯಲ್ಲಿ ಹೆಂಗಸು ಸತ್ತರೆ ಮಗಳಾದವಳು ಹೆಣದ ಪಕ್ಕ ಕೂತು ಕೊನೆಯ ಸಲ ತಲೆ ಬಾಚಬೇಕು. ಬಾಚುತ್ತ, ಸತ್ತವಳು ಬದುಕಿದ್ದಾಗ ಪಟ್ಟದ್ದು, ಕೊಟ್ಟದ್ದು ಎಲ್ಲ ಆಡಿ ಆಡಿ ಅಳಬೇಕು. ಸುತ್ತ ಕೂತವರು ಪ್ರತಿ ಮಾತಿಗೂ ‘ಹೌದವ್ವಾ ಹೌದು’ ಎನ್ನಬೇಕು. ಕೊನೆಗೆ ಮಗಳು ತನ್ನೊಳಗೆ ಉಳಿದ ಒಂದೇ ಒಂದು ಮಾತನ್ನು ಅವ್ವನಿಗೆ ಕೇಳಬಹುದು. ಓಣಿಯ ಹಿರಿಯಳು ಸತ್ತವಳ ಪರವಾಗಿ ಉತ್ತರ ಹೇಳುತ್ತಾಳೆ. ಅದಕ್ಕೆ ‘ಬಾಯಿ ಕೊಡುವುದು’ ಅನ್ನುತ್ತಾರೆ. ಹುಲಿಗೆಮ್ಮನ ಅಜ್ಜಿ, ದುರಗವ್ವನ ಅವ್ವ, ಕೊನೆಗಾಲಕ್ಕೆ ಇಲ್ಲಿಗೇ ಬಂದು ಸತ್ತಾಗ ದುರಗವ್ವ ಕೇಳಿದ್ದಳು: “ಕೂಸಿದ್ದಾಗ ನನ್ನ ಇಷ್ಟು ದೂರ ಕೊಟ್ಟಿಯಲ್ಲ, ಒಮ್ಮೆರ ಮರುಗಿದ್ಯೇನವ್ವಾ?” ಯಂಕವ್ವ ಕಣ್ಣು ಮುಚ್ಚಿ, “ಮರುಗೀನಿ ಮಗಳ. ರೊಟ್ಟಿ ಬಡಿಯೂವಾಗೆಲ್ಲ ಮರುಗೀನಿ,” ಎಂದಿದ್ದಳು. ಅವತ್ತು ಸಂಜೆ ದುರಗವ್ವ ಹೊಟ್ಟೆ ತುಂಬ ಉಂಡದ್ದನ್ನು ಹುಲಿಗೆಮ್ಮ ನೋಡಿದ್ದಳು. ಅದು ಬರೀ ನಾಟಕವೆಂದು ಓದಿದವರು ಅಂದಾರು. ಅನ್ನಲಿ. ಎದುರು ಕೂತು ಬಾಳಿಡೀ ಸಿಕ್ಕು ಬಿಡಿಸಿದವಳಿಗೆ ಇನ್ನೊಬ್ಬಳ ಮನಸ್ಸು ತಿಳಿಯದೆ ಇನ್ಯಾರಿಗೆ ತಿಳಿಯುತ್ತದೆ? ಆದರೆ ಕಟ್ಟಳೆ ಒಂದಿತ್ತು. ಮಗಳು ಬಾಯಿಬಿಟ್ಟು ಕೇಳಬೇಕು. ಕೇಳದ ಮಾತಿಗೆ ಸತ್ತವರ ಉತ್ತರವಿಲ್ಲ.

ಹಬ್ಬ ಮುಗಿಸಿ ಹೋದ ಮೇಲೆ ಫೋನಿನಲ್ಲಿ ದುರಗವ್ವನ ಕೆಮ್ಮು ಕೇಳತೊಡಗಿತು. ಮೊದಲು ಮಾತಿನ ನಡುವೆ ಕೆಮ್ಮು, ಆಮೇಲೆ ಕೆಮ್ಮಿನ ನಡುವೆ ಮಾತು.

“ದವಾಖಾನಿಗೆ ಹೋಗಿದ್ಯೇನ?”

“ಹೋಗಿದ್ನೆಬೇ. ಎದಿಯಾಗ ಧೂಳು ಕುಂತೈತಂತ. ಕೂದಲದ ಧೂಳು. ಕುಂದ್ರಲಿ ಬಿಡು, ಅದಕ್ಕೂ ನನ್ನ ಬಿಟ್ರ ಯಾರದಾರ?” ದುರಗವ್ವ ನಕ್ಕು ಮತ್ತೆ ಕೆಮ್ಮಿದಳು. “ಒಂದ್ ಸಲ ಬಂದು ಹೋಗಬಾರದೇನ?”

ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ‘ಬರ್ತೀನಿ’ ಎಂಬ ಮಾತು ಹುಲಿಗೆಮ್ಮನ ಕೊರಳಿಗೆ ಬಂತು. ಬರುವುದು ಖಾತ್ರಿಯಿರಲಿಲ್ಲ. ಕಣ್ಣಿ ಹಿಡಿಯಿತು.

“ಬರೋ ಸಾಧ್ಯತೆ ಐತಿ,” ಎಂದಳು.

“ಸಾಹೇಬ್ರು ಮಾತಾಡಿದಂಗ ಮಾತಾಡ್ತಿಯಲ್ಲಬೇ,” ಎಂದಳು ದುರಗವ್ವ. ಅದರಲ್ಲಿ ಅರ್ಧ ಹೆಮ್ಮೆಯಿತ್ತು. ಇನ್ನರ್ಧ ಏನಿತ್ತೋ.

ಇನ್ನೊಂದು ಸಲ ಅವಳೇ ಫೋನು ಮಾಡಿದಳು. ಹಿಂದೆ ಯಂಕವ್ವನ ದನಿಯೂ ಕೇಳುತ್ತಿತ್ತು. ಇಬ್ಬರೂ ಜಗಲಿಯಲ್ಲೇ ಕೂತಿದ್ದರು. ಅವತ್ತು ಉಸಿರಿಗೆ ಬಹಳ ಒದ್ದಾಡುತ್ತಿದ್ದಳು ದುರಗವ್ವ. ಅದೂ ಇದೂ ಮಾತಾಡಿ, ನಗುತ್ತಲೇ ಎಂಬಂತೆ, ಅಂದಳು:

“ಖರೇ ಹೇಳು ಹುಲಿಗೀ. ನಿನಗ ನಾ ಬೇಕೇನ, ಇಲ್ಲಂದ್ರೂ ನಡೀತೈತೇನ?”

ಇದಕ್ಕೆ ಉತ್ತರ ಯಾವ ಮಗಳಿಗೆ ಗೊತ್ತಿಲ್ಲ? ಬೇಕು ಎಂಬುದು ಹುಲಿಗೆಮ್ಮನ ಎದೆಯಲ್ಲಿ ಕುದಿಯುತ್ತ ಮೇಲೆ ಬಂತು. ಕೊರಳ ಕಣ್ಣಿಗೆ ಅದು ಆಧಾರವಿಲ್ಲದ ಹೇಳಿಕೆ. ಎಷ್ಟು ಬೇಕು, ಯಾವ ಅಳತೆಯಲ್ಲಿ ಬೇಕು, ಯಾರು ಎಲ್ಲಿ ಬರೆದಿದ್ದಾರೆ? ಕಚ್ಚಿತು. ಅವಳು ಪಟ್ಟಿಯನ್ನು ಕಿತ್ತು ಹಾಸಿಗೆಯ ಮೇಲೆ ಎಸೆದಳು. ಎಸೆದು ಮತ್ತೆ ಬಾಯಿ ತೆರೆದಳು. ಆಗಲೂ ಗಂಟಲು ಹಿಡಿಯಿತು. ಕೊರಳಲ್ಲಿ ಏನೂ ಇರಲಿಲ್ಲ, ಆದರೂ ಹಿಡಿಯಿತು. ಗೋಡೆಯ ಮೇಲೆ ಬರೆಸಿದ್ದು ಸುಳ್ಳಾಗಿರಲಿಲ್ಲ. ಗಂಟಲೇ ಕಲಿತಿತ್ತು.

ದುರಗವ್ವ ಕಾದಳು. ಉಸಿರು ಎಳೆಯುವ ಸದ್ದು ಮಾತ್ರ.

“ಆತು ಬಿಡವ್ವ. ಓದ್ಕೋ,” ಎಂದು ಇಟ್ಟಳು.

ಹುಲಿಗೆಮ್ಮ ಮರುಬಸ್ಸಿಗೇ ಹೊರಡಬೇಕಿತ್ತು. ಆಧಾರಗ್ರಂಥಗಳ ಪಟ್ಟಿ ಮುಗಿಸಿ ಹೊರಡೋಣವೆಂದುಕೊಂಡಳು. ಆ ವಾರ ತೀರುವುದರೊಳಗೆ ಯಂಕವ್ವನ ಮೊಮ್ಮಗಳು ಫೋನು ಮಾಡಿದಳು. ಬಾ ಎಂದಳು, ಯಾಕೆಂದು ಹೇಳಲಿಲ್ಲ.

ಅವರ ಕುಲದಲ್ಲಿ ಹೆಣವನ್ನು ಮಲಗಿಸುವುದಿಲ್ಲ. ದುರಗವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು, ಹಸಿರು ಸೀರೆ ಉಡಿಸಿದ್ದರು, ಕೂದಲು ಬಿಚ್ಚಿ ಬೆನ್ನ ಮೇಲೆ ಬಿಟ್ಟಿದ್ದರು. ಊರಿನವರ ಕೂದಲನ್ನೆಲ್ಲ ಜೋಡಿಸಿ ಕಟ್ಟಿದವಳ ತಲೆಯಲ್ಲಿ ನಡುಬೈತಲೆಯ ಎರಡೂ ಬದಿ ಬಿಳಿದಾಗಿತ್ತು. ಹುಲಿಗೆಮ್ಮನಿಗೆ ಅದು ಈಗ ಕಂಡಿತು. ಅಂಗಳದ ತುಂಬ ಹೆಂಗಸರು ಸೇರಿದ್ದರು. ಯಾರೋ ಅವಳ ಕೈಗೆ ಬಾಚಣಿಗೆ ಕೊಟ್ಟರು. ಎದುರಿಗೆ, ಮೂಟೆ ಇರುತ್ತಿದ್ದ ಜಾಗ ಬಿಟ್ಟು, ಯಂಕವ್ವ ಕೂತಿದ್ದಳು.

ಹುಲಿಗೆಮ್ಮ ಬಾಚತೊಡಗಿದಳು. ಬಾಯಿ ಬರಲಿಲ್ಲ.

ಹೆಂಗಸರು ಕಾದರು. ಒಬ್ಬಳು ಮೂಗು ಒರೆಸಿಕೊಂಡು, “ಅಳಬೇ ತಂಗಿ, ಎದಿ ಹಗರ ಆಗ್ತೈತಿ,” ಎಂದಳು. ಇನ್ನೊಬ್ಬಳು ಪಕ್ಕದವಳಿಗೆ, “ಕಲ್ತೋಳು ನೋಡು. ನಾಚಿಕಿ ಬರ್ತೈತೇನೋ ನಮ್ಮಂಗ ಅಳಾಕ,” ಎಂದು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

“ಬಾಯಿ ಮುಚ್ಚಬೇ,” ಎಂದಳು ಯಂಕವ್ವ ಅವಳಿಗೆ.

ಅವ್ವಾ ಎಂದು ಕೂಗಹೋದಳು ಹುಲಿಗೆಮ್ಮ. ಗಂಟಲು ಹಿಡಿಯಿತು. ನನ್ನನ್ನು ಸಾಕಲು ಜೀವ ತೇದೆಯಲ್ಲ ಎನ್ನಹೋದಳು. ಹಿಡಿಯಿತು. ಏನು ತೇದಳು, ಎಷ್ಟು ತೇದಳು, ಸಾಕ್ಷಿ ಎಲ್ಲಿ? ಒಳಗೆ ಕೂತ ಅದು ಕೇಳುತ್ತಲೇ ಇತ್ತು. ಆಗ ಅವ್ವನ ಮಡಿಲಲ್ಲಿದ್ದ ಕೈಯ ಮೇಲೆ ಅವಳ ಕಣ್ಣು ಬಿತ್ತು. ತೋರುಬೆರಳ ಬದಿಯಲ್ಲಿ ಕೂದಲೆಳೆ ಕೊಯ್ದು ಕೊಯ್ದು ಬಿದ್ದ ಗೆರೆಗಳು, ಒಂದರ ಮೇಲೊಂದು, ತಾಳೆಗರಿಯ ಹಾಗೆ.

ಹುಲಿಗೆಮ್ಮ ಆ ಕೈ ಎತ್ತಿ ಹಿಡಿದಳು.

“ಈ ಬೆರಳು ಸೀಳೇತಿ,” ಎಂದಳು. ಗಂಟಲು ಹಿಡಿಯಲಿಲ್ಲ. ಆಧಾರ ಕೈಯಲ್ಲೇ ಇತ್ತು. “ಕೂದಲಾ ಬಿಡಿಸಿ ಸೀಳೇತಿ. ನೋಡ್ರಿ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೀಗೆ ಯಾರೂ ಅತ್ತದ್ದನ್ನು ಅವರು ಕಂಡಿರಲಿಲ್ಲ. ರಾಗವಿಲ್ಲ, ಕಣ್ಣೀರಿಲ್ಲ. ಸಂತೆಯಲ್ಲಿ ಮಾಲು ತೋರಿಸುವವಳ ಹಾಗೆ ತಾಯಿಯ ಕೈ ಎತ್ತಿ ತೋರಿಸುತ್ತಿದ್ದಾಳೆ.

“ಹೌದವ್ವಾ ಹೌದು,” ಎಂದಳು ಯಂಕವ್ವ. “ನಾ ನೋಡೀನಿ.”

“ಈ ಮೊಣಕಾಲು ಕರ್ರಗಾಗೇತಿ. ಕುಂತ ಜಾಗ ಬಿಟ್ಟು ಎದ್ದಿಲ್ಲ.”

“ಹೌದವ್ವಾ ಹೌದು. ನಾ ಎದುರಿಗೇ ಇದ್ನಿ.”

“ಕಿವ್ಯಾಗ ಏನೂ ಇಲ್ಲ. ತೂತಷ್ಟ ಐತಿ. ಇದರಾಗಿನ ಬೆಂಡೋಲಿ ನನ್ನ ಕಾಲೇಜಿಗೆ ಹೋತು.”

“ಹೌದವ್ವಾ ಹೌದು!” ಈ ಸಲ ಮೂರ್ನಾಲ್ಕು ದನಿಗಳು ಕೂಡಿದವು.

ಅವಳು ಅವ್ವನ ಮೈಯನ್ನು ಹೀಗೆ ಸಾಲು ಸಾಲಾಗಿ ಓದಿದಳು. ಒಲೆಯ ಬೆಂಕಿ ತಾಗಿದ ಮೊಣಕೈ, ದಬ್ಬಳ ಚುಚ್ಚಿ ಸೆಟೆದು ನಿಂತ ಕಿರುಬೆರಳು, ನೀರು ಹೊತ್ತು ಒಂದು ಕಡೆ ಇಳಿದ ಹೆಗಲು. ಪ್ರತಿಯೊಂದಕ್ಕೂ ಅಂಗಳ ಸಾಕ್ಷಿ ಹೇಳಿತು. ಮೊದಲು ಪಿಸುಗುಟ್ಟಿದ್ದವಳೇ ಈಗ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದಳು. ಓಣಿಯ ಹೆಂಗಸರೆಲ್ಲ ತಂತಮ್ಮ ಬೆರಳು ನೋಡಿಕೊಂಡು ಅತ್ತರು. ಹುಲಿಗೆಮ್ಮನ ಕಣ್ಣು ಮಾತ್ರ ಒಣಗಿತ್ತು.

ಬಾಚಿದ್ದಾಯಿತು. ತುರುಬು ಕಟ್ಟಿದ್ದಾಯಿತು.

“ಇನ್ನ ಕೇಳು,” ಎಂದಳು ಯಂಕವ್ವ. ಅವಳಾಗಲೇ ಕಣ್ಣು ಮುಚ್ಚಿದ್ದಳು.

ಕೇಳಬೇಕಾದ್ದು ಒಂದೇ. ಅವತ್ತು ನಾನು ಸುಮ್ಮನಿದ್ದದ್ದು ನಿನಗೆ ಬೇಡ ಅಂದ ಹಾಗೆ ಕೇಳಿಸಿತೇನವ್ವಾ? ಬಸ್ಸಿನ ದಾರಿಯುದ್ದಕ್ಕೂ ಅದನ್ನೇ ಹೊತ್ತು ತಂದಿದ್ದಳು. ಯಂಕವ್ವ ಅವತ್ತು ಫೋನಿನ ಪಕ್ಕದಲ್ಲೇ ಕೂತಿದ್ದವಳು. ಫೋನು ಇಟ್ಟ ಮೇಲೆ ದುರಗವ್ವ ಏನಂದಳು, ಏನನ್ನಲಿಲ್ಲ, ಮುಖ ಹೇಗೆ ಮಾಡಿಕೊಂಡಳು, ಎಲ್ಲ ಬಲ್ಲವಳು. ಉತ್ತರ ಒಂದು ಮೂಟೆಯಷ್ಟು ದೂರದಲ್ಲಿ ಕಣ್ಣು ಮುಚ್ಚಿ ಕೂತಿತ್ತು.

ಪ್ರಶ್ನೆಯಾದರೂ ಅದರ ಹೊಟ್ಟೆಯಲ್ಲಿ ‘ನೀ ಬೇಕಿದ್ದಿ’ ಎಂಬ ಹೇಳಿಕೆಯಿತ್ತು, ಅದಕ್ಕೆ ಮಾತ್ರ ಅವ್ವನ ಮೈಯ ಮೇಲೆ ಎಲ್ಲೂ ಗುರುತಿರಲಿಲ್ಲ. ಹುಲಿಗೆಮ್ಮ ಹುಡುಕಿದಳು. ಮುಖ ನೋಡಿದಳು, ಮುಚ್ಚಿದ ಕಣ್ಣು ನೋಡಿದಳು, ತುಟಿಯ ಅಂಚು ನೋಡಿದಳು. ಏನನ್ನೂ ಸೂಚಿಸುತ್ತಿರಲಿಲ್ಲ. ಬಾಯಿ ತೆರೆದಳು. ಗಂಟಲು ಗಂಟಾಯಿತು. ಮತ್ತೆ ತೆರೆದಳು. ಕೊರಳ ನರ ಹಗ್ಗದಂತೆ ಉಬ್ಬಿದ್ದು ಎದುರಿದ್ದವರಿಗೆಲ್ಲ ಕಂಡಿತು.

“ಕೇಳು ಮಗಳ. ಆಕಿ ಕಾಯಾಕತ್ಯಾಳ.”

ಹೊರಗೆ ಗಂಡಸರು ಹೊತ್ತಾಯಿತೆಂದು ಕೂಗಿದರು. ಯಂಕವ್ವ ಅವರನ್ನೂ ಕಾಯಿಸಿದಳು. ಕೊನೆಗೆ ಕಣ್ಣು ತೆರೆದು, ಹುಲಿಗೆಮ್ಮನನ್ನು ನೋಡಿ, ಎದ್ದು ದಾರಿ ಬಿಟ್ಟಳು. ದುರಗವ್ವನನ್ನು ಎತ್ತಿದರು.

ಹುಲಿಗೆಮ್ಮ ಊರಿನಿಂದ ಮರಳಿದಾಗ ಕೇಂದ್ರದಲ್ಲಿ ಎಂದಿನಂತೆ ಕೀಲಿಮಣೆಗಳ ಸದ್ದು ನಡೆದಿತ್ತು. ರಫೀಕ ಗೂಡಿನಿಂದ ಎದ್ದು ಬಂದು ಅವಳ ಮುಂದೆ ಚಹಾದ ಲೋಟ ಇಟ್ಟು ಹೋದ.

ಹುಲಿಗೆಮ್ಮ ಪಟ್ಟಿಯನ್ನು ದೇಸಾಯಿ ಮೇಡಂ ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದಳು. ಅಳತೆಯ ವಾಕ್ಯಗಳಲ್ಲಿ, ಕ್ರಮವಾಗಿ. ಹಾಗೆ ಹೇಳಲು ಅವಳಿಗೆ ಕಷ್ಟವಾಗಲಿಲ್ಲ. ಎಲ್ಲಕ್ಕಿಂತ ಹೇಸಿಗೆಯಾದದ್ದು ಅದೇ.

“ಇದನ್ನ ಬಿಡಿಸಾಕ ಆಗ್ತೈತೇನ್ರಿ?”

ಮೇಡಂ ಪಟ್ಟಿಯನ್ನು ಕೈಗೆತ್ತಿಕೊಂಡರು. “ಕಟ್ಟಲಿಕ್ಕೆ ಅನುದಾನ ಬಂದಿತ್ತು,” ಎಂದರು. “ಬಿಡಿಸಲಿಕ್ಕೆ ಯಾರೂ ಕೇಳಿಲ್ಲ, ಯಾರೂ ಕೊಟ್ಟಿಲ್ಲ.”

“ಹಂಗಾರ ಇದು ಹಿಂಗ ಇರೂದೇನ್ರಿ?”

“ತಾನಾಗೇ ಸಡಲಬಹುದು. ಸಡಲದೇನೂ ಇರಬಹುದು.” ಅವರ ಕೈ ತಮ್ಮ ಕೊರಳಿನ ಮೇಲೆ ಹೋಯಿತು. ಅಲ್ಲಿ ಹಳೆಯದಾಗಿ ಮಾಸಿದ ಒಂದು ಗೆರೆಯಿತ್ತು. ಹುಲಿಗೆಮ್ಮ ಅದನ್ನು ಸರದ ಗುರುತು ಅಂದುಕೊಂಡಿದ್ದಳು. “ಮೊದಲನೇ ಪಟ್ಟಿ ಬಂದಾಗ ನಾನ ಹಾಕ್ಕೊಂಡು ನೋಡಿದ್ದೆ.”

“ನಿಮಗೇನು ಹೋತ್ರಿ ಮೇಡಂ?”

ದೇಸಾಯಿ ಮೇಡಂ ಬಾಯಿ ತೆರೆದರು. ಗಂಟಲಿನಲ್ಲಿ ಏನೋ ಏರಿ ಇಳಿಯಿತು. ಕನ್ನಡಕ ತೆಗೆದು ಒರೆಸಿದರು.

“ಹೇಳಲು ಸಾಕಷ್ಟು ಆಧಾರಗಳಿಲ್ಲ,” ಎಂದರು.

ಇಬ್ಬರೂ ಎದುರುಬದುರು ಕೂತಿದ್ದರು. ಅವರ ನಡುವೆಯೂ ಒಂದು ಸಿಕ್ಕು ಇತ್ತು. ಬಿಡಿಸುವುದು ಇಬ್ಬರಿಗೂ ಬರುತ್ತಿರಲಿಲ್ಲ.

ಪ್ರಬಂಧ ಒಪ್ಪಿತವಾಯಿತು. ಪರೀಕ್ಷಕರು ಭಾಷೆಯನ್ನು ಹೊಗಳಿದರು, ಇಂಥ ಹಿನ್ನೆಲೆಯಿಂದ ಬಂದವಳು ಇಷ್ಟು ಸಂಯಮದಿಂದ ಬರೆಯುವುದು ಅಪರೂಪ ಎಂದರು. ತಪ್ಪು ಹಿಡಿದದ್ದು ಒಂದೇ ಕಡೆ. ಕೃತಜ್ಞತೆಯ ಪುಟಕ್ಕೆ ಯಾವ ಆಧಾರವೂ ಬೇಕಿಲ್ಲ, ಮನಸ್ಸಿಗೆ ಬಂದದ್ದು ಬರೆಯಬಹುದು ಎಂಬ ರಿಯಾಯಿತಿಯಿತ್ತು. ಆ ಪುಟದ ಮೇಲೆ ತಲೆಬರಹ ಬಿಟ್ಟರೆ ಒಂದಕ್ಷರವೂ ಇರಲಿಲ್ಲ. ‘ಮುದ್ರಣದೋಷ, ಸರಿಪಡಿಸಿ’ ಎಂದು ಅಂಚಿನಲ್ಲಿ ಗೀಚಿದ್ದರು.

ಹುಲಿಗೆಮ್ಮ ಸರಿಪಡಿಸಲಿಲ್ಲ. ಹಾಗೆಯೇ ಹೊಲಿಸಿ ರಟ್ಟು ಹಾಕಿಸಿ ಊರಿಗೆ ತಂದಳು. ಕೆಲಸದ ಕರೆ ಬರುವವರೆಗೆ ಎಂದು ಜಗಲಿಯಲ್ಲಿ ಅವ್ವನ ಜಾಗದಲ್ಲಿ ಕೂತಳು. ದುರಗವ್ವ ಅರ್ಧ ಬಿಡಿಸಿ ಬಿಟ್ಟ ಮೂಟೆ ಅಲ್ಲಿಯೇ ಇತ್ತು.

“ತೋರ್ಸು, ಇದರಾಗ ನಿಮ್ಮವ್ವ ಎಲ್ಲಿ ಅದಾಳ?” ಎಂದಳು ಯಂಕವ್ವ.

ಹುಲಿಗೆಮ್ಮ ಪುಟ ತೆರೆದು ‘ಮಾಹಿತಿದಾರರು ಏಳು’ ಎಂಬಲ್ಲಿ ಬೆರಳಿಟ್ಟಳು. ಯಂಕವ್ವ ತನ್ನ ಸೀಳಿದ ಬೆರಳನ್ನು ಅದರ ಪಕ್ಕ ಇಟ್ಟಳು. ಅಕ್ಷರಗಳು ಬೆರಳಿನಡಿ ಮುಚ್ಚಿಹೋದವು.

“ಇಷ್ಟ ಆದ್ಲಲ್ಲಬೇ,” ಎಂದಳು.

ಪುಟ ಮಗುಚುತ್ತ ಮುದುಕಿ ಖಾಲಿ ಹಾಳೆಯ ಬಳಿ ನಿಂತಳು. “ಇಲ್ಲೇನೂ ಇಲ್ಲಲ್ಲ?”

“ಅಲ್ಲಿ ಅವ್ವಗ ಬರೀಬೇಕಿತ್ತು.”

“ಏನಂತ?”

ಹುಲಿಗೆಮ್ಮ ಬಾಯಿ ತೆರೆದಳು. ಯಂಕವ್ವ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು, ಕೈಯೊರೆಸಿಕೊಂಡು, ಸುಮ್ಮನೆ ಕಣ್ಣು ಮುಚ್ಚಿದಳು. ಓಣಿಯಲ್ಲಿ ಯಾರೋ ನೀರಿಗೆ ಕೊಡ ಸಾಲು ಹಚ್ಚುವ ಸದ್ದು ಕೇಳುತ್ತಿತ್ತು. ಹುಲಿಗೆಮ್ಮನ ಕೊರಳ ನರ ಉಬ್ಬಿ, ನಡುಗಿ, ಇಳಿಯಿತು.

“ನೀನ ಹೇಳಬಾರದೇನ, ಆಯಿ?” ಎಂದಳು ಹುಲಿಗೆಮ್ಮ ಸಣ್ಣ ದನಿಯಲ್ಲಿ. “ನಿನಗ ಗೊತ್ತೈತಲ್ಲ.”

“ನಾ ಹೇಳಿದ್ರ ಅದು ನನ್ನ ಮಾತಾಗ್ತೈತಿ. ನಿನಗ ಬೇಕಾದದ್ದು ಆಕಿ ಮಾತು.” ಯಂಕವ್ವ ಕಣ್ಣು ತೆರೆದಳು. “ಆಗ್ಲಿ ಬಿಡು. ನಾಳೆ ಕೇಳು. ನಾ ಇರೂತನಾ ಆಕಿಗೆ ಬಾಯಿ ಐತಿ.”

ಹಾಗಾಗಿ ದಿನಾ ಕೆಲಸ ಮುಗಿದ ಮೇಲೆ ಯಂಕವ್ವ ಕಣ್ಣು ಮುಚ್ಚಿ ಕೂರುತ್ತಾಳೆ. ಹುಲಿಗೆಮ್ಮ ಬಾಯಿ ತೆರೆಯುತ್ತಾಳೆ. ಒಮ್ಮೊಮ್ಮೆ ಅವ್ವಾ ಎಂಬಷ್ಟು ಹೊರಗೆ ಬರುತ್ತದೆ, ಒಮ್ಮೊಮ್ಮೆ ಅದೂ ಇಲ್ಲ. ಮುದುಕಿ ಬೇಸರಿಸದೆ ಕಾಯುತ್ತಾಳೆ.

ಈಚೆಗೆ ಅವಳಿಗೆ ಕಣ್ಣು ಮುಚ್ಚಿ ಬಹಳ ಹೊತ್ತು ಕೂರಲಾಗುತ್ತಿಲ್ಲ. ಕೆಮ್ಮು ಬರುತ್ತದೆ. ಎದೆಯಲ್ಲಿ ಧೂಳು ಕೂತಿದೆಯಂತೆ.